ಅಳತೆಗೆ ಕಟ್ಟಿಸಿದ ಗಾಳದ ಕೋಲು

ನಮ್ಮ ಜಿಲ್ಲೆಯಲ್ಲಿ ವಿಮರ್ಶೆಗೆ ಬರವಿಲ್ಲ. ಭಾಗವತರ ಏರುಪದದಿಂದ ಹಿಡಿದು ಮದುವೆ ಊಟದ ಸಾರಿನವರೆಗೆ ಎಲ್ಲದಕ್ಕೂ ಖಡಾಖಂಡಿತವಾಗಿ ಅಭಿಪ್ರಾಯ ಹೇಳುವವರು ಪ್ರತಿ ಊರಿನಲ್ಲೂ ನಾಲ್ಕೈದು ಮಂದಿ ಇದ್ದಾರೆ. ಆದರೆ ಕೈಯಲ್ಲಿ ಹಿಡಿದು ಕೆಲಸ ಮಾಡುವ ಸಲಕರಣೆಗಳಿಗೆ ವಿಮರ್ಶಕರು ಹುಟ್ಟಲೇ ಇಲ್ಲ. ಕತ್ತಿ ಒಳ್ಳೆಯದಾದರೆ ಸವೆಯುವ ತನಕ ಬಳಸುತ್ತೇವೆ, ಕೆಟ್ಟದ್ದಾದರೆ ಕಮ್ಮಾರನಿಗೆ ಬೈದು ಹೊಸತು ತರುತ್ತೇವೆ. ಆ ಕತ್ತಿಯ ಹಿಡಿ ಯಾಕೆ ಅಂಗೈಯನ್ನು ಕೊರೆಯಿತು, ಬಾಯಿಯ ಬಾಗು ಯಾಕೆ ಸೊಪ್ಪಿಗೆ ಸರಿಯಾಗಿ ಸೌದೆಗೆ ತಪ್ಪಾಯಿತು ಎಂದು ಯಾರೂ ಬರೆದಿಡುವುದಿಲ್ಲ. ಹಾಗಾಗಿ ಈಗ ನಾನು ಒಂದು ಗಾಳದ ಕೋಲನ್ನು ವಿಮರ್ಶೆ ಮಾಡಲು ಹೊರಟರೆ ಓದುಗರಿಗೆ ತುಸು ವಿಚಿತ್ರ ಅನ್ನಿಸಬಹುದು. ಅದೂ ಎಂಥ ಕೋಲು? ಸಾವಿರ ಕಂಬದ ಬಸದಿಯ ಊರಿನ ಪಕ್ಕದಲ್ಲಿ, ಮೀನಿನ ಹೆಸರು ಹೇಳಿದರೆ ಅರ್ಧ ಜನ ಮುಖ ತಿರುಗಿಸುವ ಮತ್ತು ಇನ್ನರ್ಧ ಜನ ಬಾಯಿ ಚಪ್ಪರಿಸುವ ಸೀಮೆಯಲ್ಲಿ, ವಿದೇಶೀ ಮಾದರಿಯ ಫ್ಲೈ ರಾಡು.

ಕಟ್ಟಿದಾತ ನಮ್ಮ ಕಡೆಯ ಹುಡುಗನೇ. ಹೆಸರು ಬೇಡ. ಹೊಗಳಿದರೆ ಜಾಹೀರಾತಾಗುತ್ತದೆ, ತೆಗಳಿದರೆ ದೂರಾಗುತ್ತದೆ. ದೂರದ ಪೇಟೆಯಲ್ಲಿ ಕೆಲಸದಲ್ಲಿದ್ದುಕೊಂಡು ರಾತ್ರಿ ಹೊತ್ತು ಇಂಥ ಕೋಲುಗಳನ್ನು ಕಟ್ಟುವ ಹುಚ್ಚು ಹಿಡಿಸಿಕೊಂಡಿದ್ದಾನೆ. ನನ್ನ ಅಂಗೈಯ ಅಗಲ, ಹೆಬ್ಬೆರಳಿನ ಉದ್ದ, ಭುಜದ ನೋವು ಎಲ್ಲವನ್ನೂ ವಿಚಾರಿಸಿ, ದರ್ಜಿ ಅಂಗಿಯ ಅಳತೆ ತೆಗೆದ ಹಾಗೆ ತೆಗೆದು, ನಾಲ್ಕು ತಿಂಗಳ ಮೇಲೆ ಕೋಲನ್ನು ತಂದು ಕೊಟ್ಟ. ಜೊತೆಗೆ ಒಂದು ಷರತ್ತು ಇಟ್ಟ: ಮುಲಾಜಿಲ್ಲದೆ ಅಭಿಪ್ರಾಯ ಬರೆದು ಕೊಡಬೇಕು. ಇನ್ನು ಹತ್ತು ಕೋಲಿಗೆ ಬೇಕಾದ ಸಾಮಾನು ತರಿಸಲು ಕೈಯಲ್ಲಿರುವ ಹಣವನ್ನೆಲ್ಲ ಹಾಕುವವನಿದ್ದಾನೆ. ‘ಚೆನ್ನಾಗಿದೆ’ ಎಂದು ಬೆನ್ನು ತಟ್ಟಿ ಕಳಿಸುವುದು ಸುಲಭ. ಆದರೆ ಆ ಸುಲಭದ ಮಾತಿನ ಬೆಲೆಯನ್ನು ಅವನು ಹಣದಲ್ಲಿ ತೆರಬೇಕಾಗುತ್ತದೆ. ಆದ್ದರಿಂದ ಒಂದು ಚಳಿಗಾಲ ಪೂರ್ತಿ ಅದನ್ನು ಹಿಡಿದು ನೀರಿನ ಬದಿಯಲ್ಲಿ ಓಡಾಡಿದ್ದೇನೆ.

ಮೊದಲು, ಫ್ಲೈ ರಾಡು ಎಂದರೇನು ಎಂಬುದನ್ನು ಹೇಳಬೇಕು. ಮೂಡಿಗೆರೆಯ ಹೊಳೆಗಳಲ್ಲಿ ಗಾಳ ಹಾಕಿ ಕೂರುತ್ತಿದ್ದ ತೇಜಸ್ವಿಯವರ ದೆಸೆಯಿಂದ ಕನ್ನಡ ಓದುಗರಿಗೆ ಗಾಳದ ಗೀಳು ಅಪರಿಚಿತವಲ್ಲ. ಆದರೆ ನಮಗೆ ಗೊತ್ತಿರುವ ಗಾಳದಲ್ಲಿ ಭಾರವೆಲ್ಲ ತುದಿಯಲ್ಲಿರುತ್ತದೆ. ಎರೆಹುಳವೋ, ಸೀಸದ ಗುಂಡೋ, ತಗಡಿನ ಚಮಚವೋ ಮುಂದೆ ಹಾರಿ ತನ್ನ ಹಿಂದೆ ದಾರವನ್ನು ಎಳೆದುಕೊಂಡು ಹೋಗುತ್ತದೆ. ಫ್ಲೈ ರಾಡಿನಲ್ಲಿ ಇದು ತಿರುವುಮುರುವು. ತುದಿಯಲ್ಲಿರುವುದು ಗರಿ ಮತ್ತು ನೂಲಿನಿಂದ ಕಟ್ಟಿದ ಹುಸಿನೊಣ. ಅದಕ್ಕೆ ತೂಕವೇ ಇಲ್ಲ. ಉಫ್ ಎಂದರೆ ಹಾರಿ ಹೋಗುವಂಥದ್ದು. ತೂಕ ಇರುವುದು ದಾರಕ್ಕೆ. ದಪ್ಪನೆಯ ಆ ದಾರವನ್ನು ಹಿಂದಕ್ಕೆ ಬೀಸಿ, ಅದು ಗಾಳಿಯಲ್ಲಿ ನೀಳವಾಗಿ ಬಿಚ್ಚಿಕೊಳ್ಳುವಷ್ಟು ಹೊತ್ತು ಕಾದು, ಮತ್ತೆ ಮುಂದಕ್ಕೆ ಬೀಸಬೇಕು. ದಾರದ ಭಾರಕ್ಕೆ ಕೋಲು ಬಾಗುತ್ತದೆ, ಬಾಗಿದ ಕೋಲು ನೆಟ್ಟಗಾಗುವಾಗ ದಾರವನ್ನು ಎಸೆಯುತ್ತದೆ. ಕೋಲು ಬಾಗದಿದ್ದರೆ ಎಸೆತವೇ ಇಲ್ಲ. ಈ ಒಂದು ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ನನ್ನ ತಕರಾರೆಲ್ಲ ಇದರ ಮೇಲೆಯೇ ನಿಂತಿದೆ.

ಯಾವ ಕೋಲಿಗೆ ಯಾವ ದಾರ ಎಂಬುದಕ್ಕೆ ಒಂದು ಲೆಕ್ಕ ಉಂಟು. 1961ರಲ್ಲಿ ಅಮೆರಿಕದ ಸಲಕರಣೆ ತಯಾರಕರ ಸಂಘ ದಾರಗಳಿಗೆ ನಂಬರು ಕೊಟ್ಟಿತು. ದಾರದ ಮೊದಲ 30 ಅಡಿಯನ್ನು ತೂಗಬೇಕು. ಅದು 140 ಗ್ರೇನು, ಅಂದರೆ ಸುಮಾರು 9 ಗ್ರಾಂ ಬಂದರೆ 5ನೇ ನಂಬರು. 210 ಗ್ರೇನು ಬಂದರೆ 8ನೇ ನಂಬರು. ಕೋಲಿನ ಮೇಲೆ 5 ಎಂದು ಬರೆದಿದ್ದರೆ ಅದರ ಅರ್ಥ, ಈ ಕೋಲು ತುದಿಯಿಂದ ಹೊರಗೆ 30 ಅಡಿ ದಾರ ಗಾಳಿಯಲ್ಲಿರುವಾಗ ಹದವಾಗಿ ಬಾಗುತ್ತದೆ ಎಂದು. ನನ್ನ ಕೋಲು ಒಂಬತ್ತಡಿಯದ್ದು, ನಾಲ್ಕು ತುಂಡಿನದ್ದು, 5ನೇ ನಂಬರಿನದ್ದು, ಕಾರ್ಬನ್ ನಾರಿನದ್ದು. ಈ ಕಾರ್ಬನ್ ನಾರಿನ ಒಂದು ತವರು ಇಂಗ್ಲೆಂಡಿನ ಫಾರ್ನ್‌ಬರೋದ ವಿಮಾನ ಸಂಶೋಧನಾಲಯ. ಅಲ್ಲಿ 1960ರ ದಶಕದಲ್ಲಿ ಹದಗೊಂಡ ನಾರು ಹತ್ತು ವರ್ಷದೊಳಗೆ ಗಾಳದ ಕೋಲಿನ ಅಂಗಡಿಗೆ ಬಂತು. ವಿಮಾನಕ್ಕೆ ಬೇಕಾದ ಗುಣವೇ ಕೋಲಿಗೂ ಬೇಕು: ತೂಕ ಕಡಿಮೆ, ಬಿಗುವು ಜಾಸ್ತಿ.

ಕೆಲಸಗಾರಿಕೆಯ ವಿಷಯದಲ್ಲಿ ಹೇಳುವುದಾದರೆ ಹುಡುಗ ಗೆದ್ದಿದ್ದಾನೆ. ಕೊಳವೆಯನ್ನು ಅವನು ಹೊರಗಿನಿಂದ ತರಿಸಿದ್ದು, ಆದರೆ ಅದರ ಮೇಲಿನ ಪ್ರತಿಯೊಂದು ಕೆಲಸ ಅವನದು. ಉಂಗುರಗಳನ್ನು ಹಣ್ಣಡಿಕೆಯ ಬಣ್ಣದ ರೇಷ್ಮೆನೂಲಿನಿಂದ ಸುತ್ತಿ ಬಿಗಿದು ಮೇಲೆ ಅಂಟುಲೇಪ ಕೊಟ್ಟಿದ್ದಾನೆ. ಭೂತಗನ್ನಡಿ ಹಿಡಿದು ನೋಡಿದರೂ ಎರಡು ಸುತ್ತಿನ ನಡುವೆ ಎಡೆ ಕಾಣಲಿಲ್ಲ. ಉಂಗುರಗಳೆಲ್ಲ ಒಂದೇ ಗೆರೆಯಲ್ಲಿ ನಿಂತಿವೆ. ಪ್ರತಿ ಕೊಳವೆಗೂ ಸುಲಭವಾಗಿ ಬಾಗುವ ಒಂದು ಮಗ್ಗುಲು, ಒಲ್ಲೆನೆನ್ನುವ ಒಂದು ಮಗ್ಗುಲು ಇರುತ್ತದೆ. ಅದನ್ನು ಹುಡುಕಿ ಉಂಗುರಗಳನ್ನು ಅದರ ನೇರಕ್ಕೆ ಕೂರಿಸುವುದು ಕಾರ್ಖಾನೆಯಲ್ಲಿ ಪುರುಸೊತ್ತಿಲ್ಲದ ಕೆಲಸ. ಇವನು ನಾಲ್ಕು ತುಂಡಿಗೂ ಮಾಡಿದ್ದಾನೆ. ಹಿಡಿಯ ಕಾರ್ಕನ್ನು ನನ್ನ ಅಂಗೈಗೆ ಕಡೆದದ್ದು ಎಷ್ಟು ಸರಿಯಾಗಿದೆಯೆಂದರೆ, ಬೇರೆಯವರಿಗೆ ಕೊಟ್ಟರೆ ಎರಡು ನಿಮಿಷದಲ್ಲಿ ವಾಪಸು ಕೊಡುತ್ತಾರೆ. ಎರಡು ಗಂಟೆ ಬೀಸಿದರೂ ನನ್ನ ಭುಜ ಮಾತಾಡಲಿಲ್ಲ.

ತಪ್ಪುಗಳು ಚಿಕ್ಕವು, ಆದರೆ ನಮ್ಮ ಹವೆಯನ್ನು ಮರೆತದ್ದರಿಂದ ಆದವು. ರೀಲು ಕೂರುವ ಜಾಗಕ್ಕೆ ಹೆಬ್ಬಲಸಿನ ಮರದ ತೊಲೆ ಹಾಕಿದ್ದಾನೆ. ನೋಡಲು ಬಹಳ ಚಂದ. ಹೊರಮೈಗೆ ವಾರ್ನಿಷ್ ಇದೆ, ಒಳಗಿನ ಕೊಯ್ದ ತುದಿಗೆ ಇಲ್ಲ. ಸುಮ್ಮನೆ ಜಗಲಿಯಲ್ಲಿ ಒರಗಿಸಿಟ್ಟರೂ ಆಷಾಢದ ಶೀತಕ್ಕೆ ಆ ತುದಿ ನೀರು ಕುಡಿದು ಉಬ್ಬಿ, ಬಿಗಿಯುವ ಬಳೆ ತಿರುಗದಾಯಿತು. ಹಿಡಿಯ ಕಾರ್ಕಿಗೆ ಶ್ರಾವಣದಲ್ಲಿ ಬೂಸಲು ಬಂತು. ಯುರೋಪಿನ ಪುಸ್ತಕಗಳಲ್ಲಿ ಕೋಲನ್ನು ಬಟ್ಟೆಚೀಲಕ್ಕೆ ಹಾಕಿ ಕೊಳವೆಯಲ್ಲಿಡಿ ಎಂದು ಹೇಳುತ್ತಾರೆ. ನಮ್ಮಲ್ಲಿ ಹಾಗೆ ಮಾಡಿದರೆ ಅಣಬೆ ಬೆಳೆಯುತ್ತದೆ. ಒಲೆಯ ಮೇಲಿನ ಅಟ್ಟವೇ ಸರಿ. ಇನ್ನೊಂದು ಮಾತು: ಕಾರ್ಬನ್ನಿಗೆ ವಿದ್ಯುತ್ತು ಹರಿಯುತ್ತದೆ. ತೋಟದ ಪಂಪಿನ ತಂತಿ ತಲೆಯ ಮೇಲೆ ಜೋತಾಡುವ ಕಡೆ, ಪತ್ತನಾಜೆಯ ಹೊತ್ತಿನ ಗುಡುಗಿನಲ್ಲಿ, ಒಂಬತ್ತಡಿ ಕರಿಕೋಲನ್ನು ಎತ್ತಿ ಹಿಡಿಯುವುದು ವೀರತನವಲ್ಲ.

ಇದಿಷ್ಟೇ ಆಗಿದ್ದರೆ ನಾಲ್ಕು ಸಾಲಿನ ಕಾಗದದಲ್ಲಿ ಮುಗಿಸಬಹುದಿತ್ತು. ನಿಜವಾದ ಪ್ರಶ್ನೆ ಎದ್ದದ್ದು ನೀರಿಗಿಳಿದ ಮೇಲೆ.

ಮೊದಲ ಪರೀಕ್ಷೆ ನೀರಿಲ್ಲದ ಕಡೆ, ಕೊಯ್ಲಾದ ಗದ್ದೆಯಲ್ಲಿ. ನಲವತ್ತೈವತ್ತು ಅಡಿ ದಾರ ಹೊರಗೆ ಬಿಟ್ಟು ಬೀಸಿದರೆ ಆ ಕೋಲಿನ ಗುಣ ನೋಡಬೇಕು! ಕೈಯಲ್ಲಿ ಏನೋ ಜೀವಂತವಾದದ್ದು ಉಸಿರಾಡಿದ ಹಾಗೆ. ದಾರ ಹಿಂದೆ ಬಿಚ್ಚಿಕೊಂಡು ಎಳೆದದ್ದು ಹಿಡಿಯಲ್ಲಿ ಗೊತ್ತಾಗುತ್ತದೆ, ಮುಂದಕ್ಕೆ ಬೀಸಿದರೆ ಸಣ್ಣ ಕುಣಿಕೆಯಾಗಿ ಓಡಿ ಹೋಗಿ ಗದ್ದೆಯ ಅಂಚಿನಲ್ಲಿಟ್ಟ ಗೆರಸೆಯ ಮೇಲೆ ಹಗುರ ಇಳಿಯುತ್ತದೆ. ಬದುವಿನಲ್ಲಿ ನಿಂತು ನೋಡುತ್ತಿದ್ದ ಮಕ್ಕಳು ಚಪ್ಪಾಳೆ ತಟ್ಟಿದವು. ಒಬ್ಬ ಹಿರಿಯರು ಮಾತ್ರ, ‘ಗದ್ದೆಯಲ್ಲಿ ಯಾವ ಮೀನು?’ ಎಂದು ಕೇಳಿ ಮುಂದೆ ಹೋದರು.

ಎರಡನೆಯದು ಫಲ್ಗುಣಿ. ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕಿದ ಮೇಲೆ ನಿಲ್ಲುವ ಅಗಲವಾದ ನೀರು. ಅಲ್ಲಿಯೂ ಕೋಲು ಸೋಲಲಿಲ್ಲ. ಹಿಂದೆ ಮರ ಇರುವಲ್ಲಿ ಹಿಂದಕ್ಕೆ ಬೀಸದೆ, ನೀರಿನ ಮೇಲೆ ಮಲಗಿದ ದಾರವನ್ನೇ ಉರುಳಿಸಿ ಎಸೆಯುವ ಒಂದು ವಿಧಾನ ಉಂಟು. ಅದಕ್ಕೆ ಉದ್ದ ಕೋಲು ಒಳ್ಳೆಯದು. ಒಂಬತ್ತಡಿ ಅಲ್ಲಿ ಸಾರ್ಥಕ. ಕೀಜನ್ ಮೀನುಗಳು ಕಿರಿಯ ಹುಸಿನೊಣಕ್ಕೆ ಧಾರಾಳವಾಗಿ ಬಂದವು. ನೊಣ ಕಟ್ಟಿದ ಗರಿ ಕೋಳಿಅಂಕದಲ್ಲಿ ಸೋತ ಒಂದು ಹುಂಜದ ಕುತ್ತಿಗೆಯದ್ದು. ಇದರಲ್ಲಿ ಹೊಸತೇನೂ ಇಲ್ಲ. ನಮ್ಮ ದೇಶದ ಹುಂಜದ ಗರಿ ಜಗತ್ತಿನ ನೊಣ ಕಟ್ಟುವವರ ಪೆಟ್ಟಿಗೆಯಲ್ಲೆಲ್ಲ ಸಿಗುತ್ತದೆ. ನಮ್ಮ ಕಾಡುಕೋಳಿಯ ಕುತ್ತಿಗೆಯ ಮಿರುಗುವ ಚುಕ್ಕೆಗರಿಯಂತೂ ಒಂದು ಕಾಲದಲ್ಲಿ ಇಂಗ್ಲೆಂಡಿನ ಸಾಲ್ಮನ್ ನೊಣಗಳ ಶೃಂಗಾರವಾಗಿತ್ತು. ಹಕ್ಕಿಗೆ ಆದದ್ದನ್ನು ಹೇಳಬೇಕಾಗಿಲ್ಲ.

ಮೂರನೆಯದು ತೋಡು. ತೋಡಾರಿನ ಹೆಸರಿನಲ್ಲೇ ತೋಡು ಕೇಳಿಸುತ್ತದೆ. ವ್ಯುತ್ಪತ್ತಿಯನ್ನು ಪಂಡಿತರಿಗೆ ಬಿಡೋಣ. ನಮ್ಮ ಸೀಮೆಯಲ್ಲಿ ದೊಡ್ಡ ಹೊಳೆಗಿಂತ ತೋಡೇ ಹೆಚ್ಚು. ಎರಡು ಗುಡ್ಡದ ನಡುವೆ, ಗದ್ದೆಯ ಮಗ್ಗುಲಲ್ಲಿ, ಅಡಿಕೆ ತೋಟದ ಕೆಳಗೆ ಹರಿಯುವ ಹತ್ತು ಹದಿನೈದಡಿ ಅಗಲದ ನೀರು. ಮೇಲೆ ಎರಡು ಕಡೆಯಿಂದ ಮರ ಸೇರಿ ಚಪ್ಪರವಾಗಿರುತ್ತದೆ, ದಡದಲ್ಲಿ ಮುಂಡುಗದ ಮುಳ್ಳು, ಕಟ್ಟ ಹಾಕಿದ ಕಡೆ ಸೊಂಟ ಮಟ್ಟದ ಗುಂಡಿ. ನಮ್ಮವರು ಮಡಂಜಿ, ಮುಗುಡು ಹಿಡಿಯುವುದು ಇಲ್ಲಿ. ಮೊದಲ ಮಳೆಗೆ ಹೊಳೆಯಿಂದ ಗದ್ದೆಗೆ ಮೀನು ಹತ್ತುವುದೂ ಈ ದಾರಿಯಲ್ಲೇ. ಘಟ್ಟದ ಮೇಲಿನವರು ಅದನ್ನು ಹತ್ತುಮೀನು ಎನ್ನುತ್ತಾರೆ, ನಾವು ಉಬರ್ ಎನ್ನುತ್ತೇವೆ.

ಇಲ್ಲಿ ಕೋಲು ನಿಂತು ಹೋಯಿತು. ಮರ ಅಡ್ಡ ಬಂತೆಂದು ಮಾತ್ರವಲ್ಲ, ಅದು ಯಾವ ಕೋಲಿಗೂ ಬರುತ್ತದೆ. ಲೆಕ್ಕವೇ ತಪ್ಪಿತು. ತೋಡಿನಲ್ಲಿ ಹೊರಗೆ ಬಿಡಬಹುದಾದ ದಾರ ಹತ್ತೋ ಹದಿನೈದೋ ಅಡಿ. ಮೂವತ್ತು ಅಡಿಗೆ 9 ಗ್ರಾಂ ಎಂದರೆ ಹದಿನೈದು ಅಡಿಗೆ ಅದರ ಅರ್ಧ. ದಾರದ ತುದಿ ಸಪೂರವಾಗಿರುವುದರಿಂದ ಅರ್ಧಕ್ಕೂ ಕಡಿಮೆ. ಅಷ್ಟು ಹಗುರಕ್ಕೆ ಈ ಬಿಗಿಕೋಲು ಬಾಗುವುದೇ ಇಲ್ಲ. ಬಾಗದ ಕೋಲು ಎಸೆಯುವುದೂ ಇಲ್ಲ. ಗದ್ದೆಯಲ್ಲಿ ಉಸಿರಾಡಿದ ಕೋಲು ಇಲ್ಲಿ ಕೊಡೆಯ ಕಡ್ಡಿಯ ಹಾಗೆ ಸತ್ತು ಬಿದ್ದಿತ್ತು. ಒಂದು ನಂಬರು ಭಾರದ ದಾರ, ಅಂದರೆ 6ನೆಯದನ್ನು ಕಡ ತಂದು ಹಾಕಿದೆ. ಗುಣ ಕಂಡಿತು, ರೋಗ ಹೋಗಲಿಲ್ಲ.

ಹುಡುಗ ನನ್ನ ಕೈಯ ಅಳತೆ ತೆಗೆದಿದ್ದ. ನೀರಿನ ಅಳತೆಯನ್ನು ತೆಗೆದದ್ದು ಬೇರೆ ಯಾರೋ, ಬೇರೆ ದೇಶದಲ್ಲಿ. ಅಳತೆಗೆ ಕಟ್ಟಿದ್ದು ಎಂಬ ಮಾತಿನ ಅರ್ಧ ಭಾಗ ಮಾತ್ರ ಈ ಕೋಲಿಗೆ ಸಲ್ಲುತ್ತದೆ ಎಂಬುದು ನನ್ನ ಮುಖ್ಯ ಆಕ್ಷೇಪ.

ನಮ್ಮ ನೀರಿನ ಅಳತೆ ತೆಗೆದವರು ಯಾರೂ ಇರಲಿಲ್ಲವೇ ಎಂದರೆ, ಒಬ್ಬ ಇದ್ದ. ಈ ವಿಷಯ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ್ದು ಆಶ್ಚರ್ಯ. ಇಂಡಿಯಾದಲ್ಲಿ ಗಾಳ ಹಾಕುವವರ ಮೂಲಗ್ರಂಥವೆಂದು ಹೆಸರಾದ ‘ದಿ ರಾಡ್ ಇನ್ ಇಂಡಿಯಾ’ ಮೊದಲು ಹೊರಬಂದದ್ದು ಲಂಡನ್ನಿನಲ್ಲಲ್ಲ, ಕಲ್ಕತ್ತೆಯಲ್ಲೂ ಅಲ್ಲ, ನಮ್ಮ ಮಂಗಳೂರಿನಲ್ಲಿ, 1873ರಲ್ಲಿ. ಬರೆದವನು ಹೆನ್ರಿ ಸಲಿವನ್ ಥಾಮಸ್, ದಕ್ಷಿಣ ಕನ್ನಡದಲ್ಲಿ ಕಲೆಕ್ಟರನಾಗಿದ್ದ ಮದ್ರಾಸ್ ಸಿವಿಲ್ ಸರ್ವಿಸಿನ ಅಧಿಕಾರಿ. ಮುಂದೆ 1881ರಲ್ಲಿ, 1897ರಲ್ಲಿ ಅದಕ್ಕೆ ಹೊಸ ಆವೃತ್ತಿಗಳು ಬಂದವು. ಕೆರೆಗಳ ಗಾಳದ ಬಗ್ಗೆ 1887ರಲ್ಲಿ ಅವನೇ ಇನ್ನೊಂದು ಪುಸ್ತಕ ಬರೆದ. ಕಂದಾಯ ವಸೂಲಿಗೆ ಬಂದವನು ನಮ್ಮ ಪೆರುವೊಳನ್ನು ಹಿಂದೆ ಹಾಕಿಕೊಂಡು ಹೊಳೆಯುದ್ದ ಅಲೆದ. ಇಂಗ್ಲಿಷರು ಮಹಸೀರ್ ಎನ್ನುವ ಮೀನೇ ನಮ್ಮ ಪೆರುವೊಳು, ದೇವರ ಮೀನು.

ಥಾಮಸನನ್ನು ಬರೇ ಶೋಕಿಲಾಲನೆಂದು ತಳ್ಳಿಹಾಕುವಂತಿಲ್ಲ. ಆ ಪುಸ್ತಕಕ್ಕಿಂತ ಮೊದಲೇ, 1870ರಲ್ಲಿ, ದಕ್ಷಿಣ ಕನ್ನಡದ ಮೀನು ಸಾಕಣೆಯ ಕುರಿತು ಅವನು ಸರಕಾರಕ್ಕೆ ವರದಿ ಬರೆದಿದ್ದ. ಮರಿಗಳನ್ನು ಸಣ್ಣ ಕಣ್ಣಿನ ಬಲೆಯಲ್ಲಿ ಬಾಚುವುದು, ನೀರಿಗೆ ನಂಜು ಹಾಕುವುದು, ಇವುಗಳಿಂದ ಹೊಳೆ ಬರಿದಾಗುತ್ತದೆ ಎಂಬುದು ಅವನ ಕಳವಳ. ಅವನೂ, ಮೀನುಗಳ ಶಾಸ್ತ್ರ ಬರೆದ ಫ್ರಾನ್ಸಿಸ್ ಡೇಯೂ ಎತ್ತಿದ ಕೂಗು ತಡವಾಗಿ 1897ರ ಮೀನುಗಾರಿಕೆ ಕಾಯಿದೆಯಾಗಿ, ಹೊಳೆಗೆ ತೋಟೆ ಮತ್ತು ವಿಷ ಹಾಕುವುದು ಅಪರಾಧವಾಯಿತು. ಅವನ ದೃಷ್ಟಿಯಲ್ಲಿ ದೊರೆತನ ಇಲ್ಲದಿಲ್ಲ. ಕಾರೆಕಾಯಿ ಜಜ್ಜಿ ಗುಂಡಿಗೆ ಹಾಕುವ ಬಡವ ಅವನಿಗೆ ಕಾಣುವುದು ತಪ್ಪಿತಸ್ಥನಾಗಿ ಮಾತ್ರ. ಆದರೆ ಕೋಲಿನ ಗುಣದೋಷದ ಜೊತೆ ಹೊಳೆಯ ಗುಣದೋಷವನ್ನೂ ಒಂದೇ ಉಸಿರಿನಲ್ಲಿ ಕೇಳಿದ್ದು ಅವನ ದೊಡ್ಡತನ. ಅವನ ನಂತರ ಬಂದ ಗಾಳದ ಸಾಹಿತ್ಯದಲ್ಲಿ ಬಹುಪಾಲು ಕೋಲೂ ಫೋಟೋವೂ ಉಳಿದು ಹೊಳೆ ಕಳೆದು ಹೋಯಿತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಾವೇರಿಯ ಉಪನದಿ ಕಬಿನಿಯಲ್ಲಿ 120 ಪೌಂಡಿನ ಮಹಸೀರ್ ಹಿಡಿದದ್ದನ್ನು ಎಲ್ಲರೂ ಬರೆಯುತ್ತಾರೆ. ಅದೇ ಕಾವೇರಿಯ ಗೂನುಬೆನ್ನಿನ ಮಹಸೀರನ್ನು 2018ರಲ್ಲಿ ಅಳಿವಿನ ಅಂಚಿನ ಪಟ್ಟಿಗೆ ಸೇರಿಸಬೇಕಾಯಿತು ಎಂಬುದು ಎಷ್ಟು ಜನರಿಗೆ ಗೊತ್ತು?

ನಮ್ಮ ಪಕ್ಕದಲ್ಲೇ, ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ, ಕಪಿಲೆಯ ನೀರಿನಲ್ಲಿ ದೇವಸ್ಥಾನದ ಮೆಟ್ಟಿಲ ಬುಡಕ್ಕೆ ಪೆರುವೊಳುಗಳು ಹಿಂಡುಹಿಂಡಾಗಿ ಬರುತ್ತವೆ. ಭಕ್ತರು ಹಾಕಿದ ಅಕ್ಕಿ, ಹೊದಳಿಗೆ ಒಂದರ ಮೇಲೊಂದು ಬೀಳುತ್ತವೆ. ಯಾರೂ ಹಿಡಿಯುವುದಿಲ್ಲ. 1996ರಲ್ಲಿ ದುಷ್ಕರ್ಮಿಗಳು ಆ ನೀರಿಗೆ ವಿಷ ಹಾಕಿದರು. ಸಾವಿರಾರು ಮೀನು ಹೊಟ್ಟೆ ಮೇಲಾಗಿ ತೇಲಿದವು. ಸತ್ತ ಮೀನುಗಳಿಗೆ ಅಲ್ಲಿ ಒಂದು ಸ್ಮಾರಕ ಇದೆ. ಮೀನಿಗೆ ಸ್ಮಾರಕ ಕಟ್ಟಿದ ಊರು ಬೇರೆ ಎಲ್ಲಿದ್ದೀತು! ಥಾಮಸ್ ಬರೆದು ನೂರಿಪ್ಪತ್ತಾರು ವರ್ಷದ ಮೇಲೂ ವಿಷದ ಕಥೆ ಮುಗಿದಿರಲಿಲ್ಲ ಎಂದಾಯಿತು. ಅಂದ ಹಾಗೆ ಜನ ಒಟ್ಟಾಗಿ ಮೀನು ಹಿಡಿದರೆ ಹೊಳೆ ಹಾಳಾಗಲೇಬೇಕೆಂದೂ ಇಲ್ಲ. ಚೇಳಾಯರಿನ ಖಂಡಿಗೆಯಲ್ಲಿ ವರ್ಷಕ್ಕೊಮ್ಮೆ, ಮೇ ತಿಂಗಳ ಸಂಕ್ರಮಣದ ಜಾತ್ರೆಯ ದಿನ, ನಂದಿನಿ ಹೊಳೆಗೆ ಊರಿಗೆ ಊರೇ ಬಲೆ ಹಿಡಿದು ಇಳಿಯುತ್ತದೆ. ದೈವದ ಅಪ್ಪಣೆಯ ಮೀನುಗಾರಿಕೆಗೆ ದಿನದ ಮಿತಿಯಾದರೂ ಉಂಟು. ತೋಟೆಗೆ ಯಾವ ಮಿತಿಯೂ ಇಲ್ಲ.

ಈ ಹಿನ್ನೆಲೆಯಲ್ಲಿ ನೋಡಿದರೆ ಒಂದು ಕೋಲು, ಒಂದು ನೊಣ, ಒಂದು ಸಲಕ್ಕೆ ಒಂದು ಮೀನು ಎನ್ನುವ ಕ್ರಮ ಹೊಳೆಗೆ ತೀರ ಕಡಿಮೆ ಕೆಡುಕಿನದು. ಪೆರುವೊಳನ್ನು ನಾನು ಹಿಡಿಯಲು ಹೋಗುವುದಿಲ್ಲ. ಕೀಜನನ್ನು ಸಾರಿಗೆ ಬೇಕಾದಷ್ಟು ಹಿಡಿದರೆ ಸಾಕು, ಉಳಿದದ್ದನ್ನು ಮುಳ್ಳಿಲ್ಲದ ಗಾಳದಿಂದ ಬಿಡಿಸಿ ನೀರಿಗೆ ಹಾಕುತ್ತೇನೆ. ಇದಕ್ಕೆ ಎರಡು ಕಡೆಯಿಂದ ಬೈಗಳು. ಜೈನ ಮಿತ್ರರೊಬ್ಬರು, ‘ತಿನ್ನುವುದಕ್ಕಾದರೆ ಹಸಿವು ಎನ್ನಬಹುದು, ಬಿಡುವುದಕ್ಕೆ ಚುಚ್ಚುವುದು ಯಾವ ನ್ಯಾಯ?’ ಎನ್ನುತ್ತಾರೆ. ನೆರೆಯವನಿಗೆ, ಸಿಕ್ಕಿದ ಮೀನನ್ನು ಬಿಡುವುದು ಅನ್ನವನ್ನು ಚೆಲ್ಲಿದ ಹಾಗೆ. ಮೊದಲನೆಯ ಪ್ರಶ್ನೆಗೆ ನನ್ನಲ್ಲಿ ಪೂರ್ಣ ಉತ್ತರವಿಲ್ಲ. ಎರಡನೆಯವನಿಗೆ ಸಾರಿಗೆ ಕರೆದು ಸಮಾಧಾನ ಮಾಡಬಹುದು.

ಇನ್ನು ಬಿದಿರಿನ ಮಾತು. ಮೂಡು ಎಂದರೆ ಪೂರ್ವ, ಬಿದಿರೆ ಎಂದರೆ ಬಿದಿರೇ. ಬಿದಿರಿನ ಹೆಸರು ಹೊತ್ತು, ಸಂಸ್ಕೃತದಲ್ಲೂ ವೇಣುಪುರವೆನಿಸಿಕೊಂಡ ಊರಿನ ಪಕ್ಕದಲ್ಲಿ ನಿಂತು ಕಾರ್ಬನ್ ಕೋಲು ಬೀಸುವವನಿಗೆ ಒಂದು ಸಣ್ಣ ನಾಚಿಕೆ ಸಹಜ. ಕಾರ್ಬನ್ನಿಗಿಂತ ಮೊದಲು ಜಗತ್ತಿನ ಒಳ್ಳೆಯ ಫ್ಲೈ ರಾಡುಗಳೆಲ್ಲ ಬಿದಿರಿನವು. ಇಡೀ ಗಳುವಲ್ಲ, ಸೀಳಿದ್ದು. ಬಿದಿರನ್ನು ಸಪೂರ ಪಟ್ಟಿಗಳಾಗಿ ಸೀಳಿ, ಪ್ರತಿ ಪಟ್ಟಿಯನ್ನು ತ್ರಿಕೋನವಾಗಿ ಹೆರೆದು, ಆರು ಪಟ್ಟಿಗಳನ್ನು ಹೊರಸಿಪ್ಪೆ ಹೊರಗಾಗುವಂತೆ ಕೂಡಿಸಿ ಅಂಟಿಸಿದರೆ ಷಟ್ಕೋನದ ಗಟ್ಟಿ ಕೋಲು. ಅಮೆರಿಕದಲ್ಲಿ ಸೀಳುಬಿದಿರಿನ ಕೋಲು ಕಟ್ಟಿದವರಲ್ಲಿ ಮೊದಲಿಗನೆಂದು ಪೆನ್ಸಿಲ್ವೇನಿಯಾದ ಸ್ಯಾಮ್ಯುಯೆಲ್ ಫಿಲಿಪ್ ಎಂಬ ಬಂದೂಕು ಕಮ್ಮಾರನನ್ನು ಹೆಸರಿಸುತ್ತಾರೆ; ಕಾಲ 1840ರ ದಶಕ. ಆ ಬಿದಿರು ಎಲ್ಲಿಯದು? ಕಲ್ಕತ್ತೆಯ ಬಂದರಿನಿಂದ ಹೋದದ್ದು. ‘ಕಲ್ಕತ್ತಾ ಕೇನ್’ ಎಂದೇ ಅದರ ಹೆಸರು. ನಮ್ಮ ಕಿರುಬಿದಿರಿನ ಜಾತಿಯದ್ದೇ ಅದು. ಪೊಲೀಸರ ಲಾಠಿಯಾಗುವ, ಹೊಟ್ಟೆ ಗಟ್ಟಿ ಇರುವ ಗಂಡುಬಿದಿರು.

ಇಲ್ಲಿ ದೇಶಾಭಿಮಾನ ಉಕ್ಕಿ ಬರುವ ಮೊದಲೇ ಒಂದು ಮಾತು ಹೇಳಿಬಿಡಬೇಕು. ಇಪ್ಪತ್ತನೆಯ ಶತಮಾನ ಬರುವಷ್ಟರಲ್ಲಿ ಕೋಲು ಕಟ್ಟುವವರು ನಮ್ಮ ಬಿದಿರನ್ನು ಬಿಟ್ಟು ಚೀನಾದ ಗ್ವಾಂಗ್‌ಡಾಂಗ್ ಕಡೆಯ ಟೊಂಕಿನ್ ಬಿದಿರಿಗೆ ಹೋದರು. ಅದು ಮೋಸವಲ್ಲ, ಪಕ್ಷಪಾತವೂ ಅಲ್ಲ. ಟೊಂಕಿನ್ನಿನ ಗಿಣ್ಣುಗಳ ನಡುವೆ ಅಂತರ ಹೆಚ್ಚು, ಗಳು ನೆಟ್ಟಗೆ, ಸಿಪ್ಪೆಯಡಿಯ ಗಟ್ಟಿ ನಾರಿನ ಪದರ ದಪ್ಪ. ನಮ್ಮದರಲ್ಲಿ ಗಿಣ್ಣು ಹತ್ತಿರ, ಡೊಂಕು ಜಾಸ್ತಿ, ಹುಳದ ಕಾಟ, ಮೇಲೆ ಬೆಂಕಿ ತೋರಿಸಿದ ಸುಟ್ಟ ಕಲೆ. 1950ರಲ್ಲಿ ಅಮೆರಿಕ ಚೀನಾದೊಡನೆ ವ್ಯಾಪಾರ ನಿಲ್ಲಿಸಿದಾಗ ಟೊಂಕಿನ್ ಸಿಗದಾಯಿತು. ಆಗಲಾದರೂ ಅವರು ನಮ್ಮ ಬಿದಿರಿಗೆ ಮರಳಿದರೇ? ಇಲ್ಲ, ಹೊಸದಾಗಿ ಬಂದಿದ್ದ ಗಾಜುನಾರಿಗೆ ಹೋದರು. ಆದ್ದರಿಂದ ನಮ್ಮ ಬಿದಿರು ನಮ್ಮದೆಂಬ ಕಾರಣಕ್ಕೆ ಶ್ರೇಷ್ಠವೆಂದು ಹುಡುಗನಿಗೆ ಹೇಳಿದರೆ ನಾನು ಅವನಿಗೆ ದ್ರೋಹ ಮಾಡಿದ ಹಾಗೆ. ಅರವತ್ತಡಿ ದೂರ ಎಸೆಯುವ ಒಂಬತ್ತಡಿ ಕೋಲನ್ನು ಕಿರುಬಿದಿರಿನಲ್ಲಿ ಕಟ್ಟಿದರೆ ಅದು ಒದ್ದೆ ಒನಕೆಯಾದೀತು.

ಆದರೆ ತೋಡಿನ ಲೆಕ್ಕ ಬೇರೆ. ಬಿದಿರಿನ ಕೋಲು ಭಾರ. ಅಗಲ ನೀರಿನಲ್ಲಿ ಆ ಭಾರ ಅವಗುಣ. ಹತ್ತಡಿ ದಾರದ ನೀರಿನಲ್ಲಿ ಅದೇ ಗುಣ. ದಾರ ಬಾಗಿಸದ ಕೋಲನ್ನು ಕೋಲಿನ ಸ್ವಂತ ತೂಕ ಬಾಗಿಸುತ್ತದೆ. ಮಣಿಕಟ್ಟು ತಿರುಗಿಸಿದಷ್ಟಕ್ಕೇ ಅದು ತಾನಾಗಿ ತೂಗಿ ನೊಣವನ್ನು ಆಚೆ ಗುಂಡಿಗೆ ಹಾಕುತ್ತದೆ. ನಮ್ಮ ಹುಡುಗರು ಬೇಲಿಯಿಂದ ಕಡಿದ ಕೋಲಿಗೆ ದಾರ ಕಟ್ಟಿ ಕಟ್ಟದ ಗುಂಡಿಯಲ್ಲಿ ಮಡಂಜಿ ಎತ್ತುವುದನ್ನು ನೋಡಿ. ಅವರ ಕೋಲು ಆರೇಳು ಅಡಿ ಮೀರುವುದಿಲ್ಲ, ನಡುಭಾಗದಿಂದಲೇ ಬಳುಕುತ್ತದೆ. ಗ್ರೇನಿನ ಲೆಕ್ಕ ಅವರಿಗೆ ಗೊತ್ತಿಲ್ಲ. ತೋಡಿನ ಅಳತೆ ಅವರ ಕೈಗೆ ಗೊತ್ತು.

ಹುಡುಗನಿಗೆ ನಾನು ಬರೆದು ಕೊಟ್ಟದ್ದು ಇಷ್ಟು. ಹತ್ತು ಕಾರ್ಬನ್ ಕೋಲಿಗೆ ಒಟ್ಟಿಗೆ ಹಣ ಹಾಕಬೇಡ. ನಿನ್ನ ಕೈ ಒಳ್ಳೆಯದು. ಈ ಒಂಬತ್ತಡಿಯ ಕೋಲು ಕೊಡಗಿನ ಕಾವೇರಿಗೋ ಘಟ್ಟದ ಮೇಲಿನ ಅಗಲ ನೀರಿಗೋ ಹೋಗುವವರಿಗೆ ನಿಸ್ಸಂಶಯವಾಗಿ ಸರಿ. ಅಂಥ ಗಿರಾಕಿ ಮುಂಗಡ ಕೊಟ್ಟರೆ ಮಾತ್ರ ಕಟ್ಟು. ಹೆಬ್ಬಲಸಿನ ತುದಿಗೆ ಮೂರು ಸಲ ವಾರ್ನಿಷ್ ಕೊಡು. ಅದರೊಟ್ಟಿಗೆ ಒಂದೇ ಒಂದು ಕೋಲನ್ನು, ಮಾರುವುದಕ್ಕಲ್ಲ, ಪರೀಕ್ಷೆಗೆಂದು, ಕಿರುಬಿದಿರಿನಲ್ಲಿ ಕಟ್ಟು. ಆರೂವರೆ ಅಡಿ, ಎರಡೇ ತುಂಡು, 4ನೇ ನಂಬರಿನ ದಾರ. ಮೂರು ವರ್ಷ ಬಲಿತ ಗಳುವನ್ನು ಮಳೆ ನಿಂತ ಮೇಲೆ ಕಡಿ. ಕೃಷ್ಣಪಕ್ಷದಲ್ಲಿ ಕಡಿದರೆ ಹುಳು ಹಿಡಿಯದು ಎಂದು ಹಿರಿಯರು ಹೇಳುತ್ತಾರೆ. ಚಂದ್ರನ ಮಾತು ಹೇಗೂ ಇರಲಿ, ಎರಡು ಮೂರು ವಾರ ತೋಡಿನ ಹರಿಯುವ ನೀರಿನಲ್ಲಿ ಮುಳುಗಿಸಿಟ್ಟರೆ ಒಳಗಿನ ಪಿಷ್ಟ ಕರಗಿ ಹೋಗಿ ಹುಳಕ್ಕೆ ಊಟ ಇಲ್ಲದಾಗುವುದು ಖಂಡಿತ. ನೆರಳಲ್ಲಿ ಒಣಗಿಸು. ಗಿಣ್ಣುಗಳು ಒಂದರ ಪಕ್ಕ ಒಂದು ಬಾರದಂತೆ ಪಟ್ಟಿಗಳನ್ನು ಹಿಂದುಮುಂದು ಜಾರಿಸಿ ಜೋಡಿಸು. ಅಂಟುವ ಮೊದಲು ತೋಡಿನ ಅಗಲವನ್ನು ಐದಾರು ಕಡೆ ಹಗ್ಗ ಹಿಡಿದು ಅಳೆ.

ಬಂದು ಅಳೆದಿದ್ದಾನೆ. ಅತಿ ಅಗಲ ಇರುವಲ್ಲಿ ಹದಿನೇಳು ಅಡಿ, ಕಟ್ಟದ ಕೆಳಗೆ ಒಂಬತ್ತು. ಆರು ಗಳು ಈಗ ನೀರಿನಲ್ಲಿವೆ, ಮೇಲೆ ಕಲ್ಲು ಹೇರಿದ್ದೇವೆ.